ಕೊಡೆ ಎರಡು ಕಡೆ ಮುಟ್ಟಿದರೆ

ಮೊನ್ನೆ ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ನಮ್ಮ ಬಸ್ಸು ನಿಂತಿದ್ದಾಗ ಪಕ್ಕಕ್ಕೆ ಒಂದು ಪಿಕಪ್ ಬಂದು ನಿಂತಿತು. ಅದರ ತುಂಬ ರಬ್ಬರ್ ಶೀಟು. ಆ ವಾಸನೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ, ಅರಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಹುಳಿ ಬಂದ ಹಾಲು, ಹೊಗೆ, ಸರಿಯಾಗಿ ಒಣಗದ ಬಟ್ಟೆ ಮೂರೂ ಸೇರಿದರೆ ಸುಮಾರಿಗೆ ಹತ್ತಿರ ಬರುತ್ತದೆ. ನನ್ನ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ಮುಚ್ಚಿದರು. ನಾನು ನನ್ನ ಕಿಟಕಿಯನ್ನು ಪೂರ್ತಿ ತೆರೆದೆ. ಅವರು ತಿರುಗಿ ನೋಡಿದರು. ನೋಡಲಿ ಎಂದು ಸುಮ್ಮನೆ ಕೂತೆ.

ನಾನೀಗ ಬಂಟ್ವಾಳದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಬಳ ಎಣಿಸುವವಳು. ಆದರೆ ಫಂಕ್ಷನ್ ಅಂದರೇನು, ಗ್ರಾಫ್ ಅಂದರೇನು ಎಂಬುದನ್ನು ಕಲಿತದ್ದು ಆ ವಾಸನೆಯನ್ನು ಮೈಗೆ ಹಚ್ಚಿಕೊಂಡು ಓಡಾಡಿದ ಒಂದು ಮಳೆಗಾಲದಲ್ಲಿ. ಕಲಿತದ್ದು ಎನ್ನುವುದಕ್ಕಿಂತ ಜಗಳ ಮಾಡಿ ಪಡೆದದ್ದು ಎಂದರೆ ಸರಿಯಾದೀತು.

ನನ್ನ ಅಮ್ಮ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದಳು, ಈಗಲೂ ಮಾಡುತ್ತಾಳೆ. ಗುರುವಾಯನಕೆರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ ಒಳಗೆ ನಮ್ಮ ಮನೆ. ಅಮ್ಮನ ಅಣ್ಣನ, ಅಂದರೆ ನನ್ನ ಮಾವನ ಜಾಗದಲ್ಲಿ ಕಟ್ಟಿಕೊಂಡದ್ದು. ಹತ್ತಿರದ ತೋಟವೊಂದರ ಮರಗಳು ಅಮ್ಮನ ವಶದಲ್ಲಿದ್ದವು. ಬೆಳಗಾಗುವ ಹೊತ್ತಿಗೆ ತೊಗಟೆ ಕೊಯ್ದು ಬರುವುದು, ಆಮೇಲೆ ಮರಕ್ಕೆ ಕಟ್ಟಿದ ಗೆರಟೆಗಳಲ್ಲಿ, ಅಂದರೆ ತೆಂಗಿನ ಚಿಪ್ಪುಗಳಲ್ಲಿ, ಬಿದ್ದ ಹಾಲನ್ನು ಬಕೆಟಿಗೆ ಸುರಿದು ತರುವುದು, ಹುಳಿ ಹಾಕಿ ಗಟ್ಟಿ ಮಾಡಿ ಯಂತ್ರಕ್ಕೆ ಕೊಟ್ಟು ಶೀಟು ಒತ್ತುವುದು. ಮಳೆಗಾಲದಲ್ಲಿ ಮರದ ಸೊಂಟಕ್ಕೆ ಪ್ಲಾಸ್ಟಿಕ್ಕು ಕಟ್ಟಿರುತ್ತಾರೆ, ಆದ್ದರಿಂದ ಮಳೆ ಎಂದು ರಜೆ ಇಲ್ಲ. ಶೀಟು ಒತ್ತುವ ಕೆಲಸಕ್ಕೆ ನಾನೂ ಸೇರುತ್ತಿದ್ದೆ. ಎಷ್ಟು ಸೋಪು ಹಾಕಿ ಮಿಂದರೂ ಬಸ್ಸು ಹತ್ತುವಾಗ ಆ ವಾಸನೆ ನನ್ನೊಡನೆ ಟಿಕೆಟ್ಟಿಲ್ಲದೆ ಹತ್ತುತ್ತಿತ್ತು.

ಪಪ್ಪನ ಮನೆ ಬಂಟ್ವಾಳದ ಹತ್ತಿರ, ಪಪ್ಪ ಮಾತ್ರ ಮಸ್ಕತ್ತಿನಲ್ಲಿ. ನಾನು ಪ್ರೈಮರಿಯಲ್ಲಿದ್ದಾಗ ಹೋದವರು ಮೊದಮೊದಲು ವರ್ಷಕ್ಕೊಮ್ಮೆ ಬಂದರು, ಆಮೇಲೆ ಬರುವುದು ಬಿಟ್ಟರು. ಅಲ್ಲಿ ಅವರಿಗೆ ಇನ್ನೊಂದು ಸಂಸಾರ ಉಂಟು ಎಂದು ಊರು ಹೇಳುತ್ತಿತ್ತು, ಅಮ್ಮ ಹೇಳುತ್ತಿರಲಿಲ್ಲ. ಯಾವಾಗಲಾದರೊಮ್ಮೆ ಫೋನು ಬರುತ್ತಿತ್ತು. ಫೋನಿನಲ್ಲಿ ಅವರು ಬಹಳ ಒಳ್ಳೆಯ ಅಪ್ಪ.

ಪಿಯುಸಿಯಲ್ಲಿ ನಾನು ಓದಿದ್ದು ಕಾಮರ್ಸ್, ಅದರಲ್ಲೂ ಗಣಿತ ಇಲ್ಲದ ಕಾಮರ್ಸ್. ಆದರೆ ನನಗೆ ಬೇಕಾದದ್ದು ಬಿಸಿಎ. ಮೂಡುಬಿದಿರೆಯ ಕಡೆ ಒಂದು ಸಣ್ಣ ಕಾಲೇಜಿನಲ್ಲಿ, ಹೆಸರು ಬೇಡ, ಸೀಟು ಸಿಕ್ಕಿತು. ಷರತ್ತು ಒಂದೇ: ಪಿಯುಸಿಯಲ್ಲಿ ಗಣಿತ ಇಲ್ಲದವರು ಮೊದಲ ಸೆಮಿಸ್ಟರಿನಲ್ಲಿ ಬ್ರಿಡ್ಜ್ ಕೋರ್ಸ್ ಮಾಡಬೇಕು. ಫಂಕ್ಷನ್ನುಗಳು ಮತ್ತು ಗ್ರಾಫುಗಳು, ಅಷ್ಟೇ ಪಾಠ. ನಡುವೆ ಒಂದು ಟೆಸ್ಟು, ಕೊನೆಗೆ ಒಂದು ಟೆಸ್ಟು. ಎರಡೂ ಸೇರಿ ಪಾಸಾಗದಿದ್ದರೆ ಬಿಸಿಎ ಬಿಟ್ಟು ಬಿಎಗೆ ಹೋಗಬೇಕು. ಬಿಎ ಕೀಳೆಂದು ನಾನು ಹೇಳುತ್ತಿಲ್ಲ. ನಾನು ಕೇಳಿದ್ದು ಅದಲ್ಲ, ಅಷ್ಟೇ.

ಪಾಠ ಮಾಡುವವರು ಮಲ್ಲಿಕಾರ್ಜುನ ಸರ್. ಧಾರವಾಡದ ಕಡೆಯವರು, ಆ ವರ್ಷವೇ ನಮ್ಮಲ್ಲಿಗೆ ಬಂದವರು. ನಮ್ಮ ಮಳೆಯನ್ನು ಕಂಡು ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಮೊಣಕಾಲಿಗಿಂತ ಉದ್ದದ ಕಪ್ಪು ಕೊಡೆಯೊಂದನ್ನು ಅವರು ಕೈಬಿಡುತ್ತಲೇ ಇರಲಿಲ್ಲ. ನಾವೆಲ್ಲ ನಮ್ಮ ಕೊಡೆಗಳನ್ನು ಹೊರಗೆ ವರಾಂಡದಲ್ಲಿ ಬಿಡಿಸಿಟ್ಟು ಒಳಗೆ ಬಂದರೆ ಅವರು ಅದನ್ನು ಬೋರ್ಡಿನ ತನಕ ತರುತ್ತಿದ್ದರು. ಅಲ್ಲಿ ಅದಕ್ಕೆ ಕೆಲಸವೂ ಇತ್ತು. ಬೋರ್ಡಿನಲ್ಲಿ ಒಂದು ವಕ್ರರೇಖೆ ಎಳೆದು, ಮಡಚಿದ ಕೊಡೆಯನ್ನು ನೆಟ್ಟಗೆ ನಿಲ್ಲಿಸಿ, ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸುತ್ತಿದ್ದರು.

"ನೋಡ್ರಿ, ಛತ್ರಿ ಗೆರಿನ್ನ ಒಂದ ಕಡೆ ಮುಟ್ಟಿದ್ರ ಅದು ಫಂಕ್ಷನ್. ಎರಡ ಕಡೆ ಮುಟ್ಟಿತಂದ್ರ ಮುಗೀತು, ಅಲ್ಲ. ಒಂದು ಎಕ್ಸಿಗೆ ಒಂದ ವೈ. ಎಕ್ಸ್ ಅಂದ್ರ ನೀವು ಕೊಡೋದು, ವೈ ಅಂದ್ರ ಬರೋ ಉತ್ತರ. ಒಂದ ಪ್ರಶ್ನಿಗೆ ಎರಡ ಉತ್ತರ ಹೇಳೋನ್ನ ನೀವು ನಂಬ್ತೀರೇನು?"

"ಇಲ್ಲ ಸರ್," ಎಂದು ನಾವು ಒಟ್ಟಿಗೆ ಹೇಳುತ್ತಿದ್ದೆವು. ಆ ಕೊಡೆಯಿಂದ ತೊಟ್ಟಿಕ್ಕಿದ ನೀರು ಬೋರ್ಡಿನ ವೃತ್ತದ ಕೆಳಗಿನ ಅರ್ಧವನ್ನು ಒರೆಸಿಬಿಟ್ಟದ್ದೂ ಉಂಟು. ಆಗ ಸರ್, ಉಳಿದ ಅರ್ಧ ಈಗ ಫಂಕ್ಷನ್ ಆಯಿತು ಎಂದು ಗಂಭೀರವಾಗಿ ಹೇಳಿದ್ದರು. ಅವರು ಹೇಳಿದ್ದು ಸರಿಯೇ ಎಂದು ನನಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ. ಒಬ್ಬಳೇ ನಕ್ಕೆ. ಗಣಿತದ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು.

ನನ್ನ ಪಕ್ಕ ಕೂರುತ್ತಿದ್ದವಳು ತೋಡಾರಿನ ಸಫ್ರೀನಾ. ಅವಳ ತಂದೆಗೆ ಮೂಡುಬಿದಿರೆಯಲ್ಲಿ ಚಪ್ಪಲಿ ಅಂಗಡಿ. ಮೊದಲ ದಿನವೇ ಅವಳು ಮೂಗು ಅರಳಿಸಿ, "ನಿನ್ನ ಹತ್ತಿರ ಎಂಥದೋ ವಾಸನೆ ಉಂಟಲ್ಲ ಮಾರಾಯ್ತಿ?" ಎಂದು ಕೇಳಿದಳು. ರಬ್ಬರ್ ಎಂದೆ. "ಹಾಗಾದ್ರೆ ಅಡ್ಡಿಲ್ಲ. ನಮ್ಮ ಅಂಗಡಿಯಲ್ಲಿ ಅದನ್ನೇ ಚಪ್ಪಲಿ ಮಾಡಿ ಮಾರುವುದು," ಎಂದು ಚೀಲ ಸರಿಸಿ ಜಾಗ ಕೊಟ್ಟಳು. ಹಿಂದಿನ ಬೆಂಚಿನವರು ಬೇರೆ ರೀತಿ. ನಾನು ಒಳಗೆ ಬಂದೊಡನೆ ಅಲ್ಲಿ ಕಿಟಕಿ ತೆರೆಯುವ ಸದ್ದು ಕೇಳುತ್ತಿತ್ತು. ಒಂದು ದಿನ ನಾನೇ ಹೋಗಿ ಇದ್ದ ಕಿಟಕಿಗಳನ್ನೆಲ್ಲ ತೆರೆದು ಬಂದೆ. ಮಳೆಯ ಎರಚಲಿಗೆ ಅವರ ಪುಸ್ತಕ ಒದ್ದೆಯಾಯಿತು. ಮರುದಿನದಿಂದ ಆ ಸದ್ದು ನಿಂತಿತು.

ನಡುವಿನ ಟೆಸ್ಟು ಬಂದದ್ದು ತುಳುವರ ಸೋಣ ತಿಂಗಳ ಕೊನೆಗೆ, ಅಂದರೆ ಸೆಪ್ಟೆಂಬರ್ ನಡುವಿಗೆ. ಅದರ ದೊಡ್ಡ ಪ್ರಶ್ನೆ ಹೀಗಿತ್ತು: ಒಂದು ಊರಿನ ಪ್ರತಿಯೊಬ್ಬರಿಗೂ ಅವರವರ ಕುಲವನ್ನು ಜೋಡಿಸುವ ಫಂಕ್ಷನ್ನು ಎಫ್. ರಾಜನ ಕುಲ ಎ. ಅವನ ಹೆಂಡತಿ ರಾಣಿ ಹುಟ್ಟಿದ ಕುಲ ಬಿ. ಅವರಿಗೆ ಒಬ್ಬ ಮಗ, ಒಬ್ಬಳು ಮಗಳು. ಈ ಸಂಸಾರದ ನಾಲ್ವರಿಗೂ ಎಫ್ ಬೆಲೆ ಬರೆಯಿರಿ, ಬಾಣದ ಚಿತ್ರ ಬಿಡಿಸಿರಿ, ಗ್ರಾಫ್ ಎಳೆದು ಅದು ಎಂಥ ಫಂಕ್ಷನ್ ಎಂದು ಹೇಳಿರಿ.

ನನಗೆ ಓದಿ ಖುಷಿಯಾಯಿತು. ಇದಕ್ಕೆ ಓದಬೇಕಾದದ್ದೇ ಇಲ್ಲ, ಇದು ನಮ್ಮ ಬರಿ ಅಲ್ಲವೇ? ಬರಿ ಎಂದರೆ ನಮ್ಮ ಕಡೆ, ತುಳು ಮಾತಾಡುವ ಬಂಟರ, ಬಿಲ್ಲವರ ಮನೆಗಳಲ್ಲಿ, ಗೋತ್ರದ ಹಾಗೆ ಒಂದು ಗುರುತು. ಹೊಸಬರು ಸಿಕ್ಕಿದರೆ ಊರು ಕೇಳಿದ ಮೇಲೆ ಕೇಳುವುದು ಅದನ್ನೇ. ಒಂದೇ ಬರಿಯವರು ಎಲ್ಲಿಯವರಾದರೂ ಅಣ್ಣತಂಗಿಯರು, ಅವರೊಳಗೆ ಮದುವೆ ಇಲ್ಲ. ಅದು ಬರುವುದು ತಾಯಿಯಿಂದ. ತಾಯಿಯ ಬರಿ ಮಕ್ಕಳಿಗೆ, ಅದರಲ್ಲಿ ಮಗಳ ಬರಿ ಅವಳ ಮಕ್ಕಳಿಗೆ. ಮದುವೆಯಾಗಿ ಎಲ್ಲಿ ಹೋದರೂ ಹೆಣ್ಣಿನ ಬರಿ ಬದಲಾಗುವುದಿಲ್ಲ. ಪಪ್ಪ ಮಸ್ಕತ್ತಿನಲ್ಲಿದ್ದರೂ ಮಂಗಳ ಗ್ರಹದಲ್ಲಿದ್ದರೂ ನನಗೆ ಅಮ್ಮನ ಬರಿ. ನಾನು ಯಾರ ಮಗಳು ಎಂದು ಊರವರು ಕಣ್ಣು ಕಿರಿದು ಮಾಡಿ ಕೇಳುವಾಗಲೆಲ್ಲ ನನ್ನ ಕಾಲ ಕೆಳಗೆ ಗಟ್ಟಿ ನೆಲವೆಂದು ಇದ್ದದ್ದು ಅದೊಂದೇ.

ಆದ್ದರಿಂದ ಬರೆದೆ: ರಾಜನಿಗೆ ಎ. ರಾಣಿಗೆ ಬಿ. ಮಗನಿಗೆ ಬಿ, ಮಗಳಿಗೆ ಬಿ. ಬಾಣಗಳನ್ನು ಸ್ಕೇಲಿಟ್ಟು ಎಳೆದೆ. ಗ್ರಾಫಿನಲ್ಲಿ ಒಂದು ಚುಕ್ಕಿ ಕೆಳಗೆ, ಮೂರು ಚುಕ್ಕಿ ಮೇಲೆ. ಒಬ್ಬೊಬ್ಬರಿಗೆ ಒಂದೊಂದೇ ಉತ್ತರ, ಆದ್ದರಿಂದ ಫಂಕ್ಷನ್ ಹೌದು. ಎಲ್ಲರಿಗೂ ಒಂದೇ ಬೆಲೆ ಅಲ್ಲ, ಆದ್ದರಿಂದ ಕಾನ್‌ಸ್ಟಂಟ್ ಅಲ್ಲ.

ಪೇಪರು ವಾಪಸು ಬಂದಾಗ ಆ ಪುಟದ ಮೇಲೆ ಕೆಂಪು ಶಾಯಿಯ ಒಂದು ದೊಡ್ಡ ಸೊನ್ನೆ ಇತ್ತು.

"ನಾಲ್ಕೂ ಎ ಬರಬೇಕಿತ್ತವಾ," ಎಂದರು ಸರ್. "ಲಗ್ನಾದ ಮ್ಯಾಲೆ ರಾಣಿನೂ ಗಂಡನ ಕುಲಕ್ಕ ಬಂದ್ಲು. ಮಕ್ಕಳಿಗೆ ಅಪ್ಪಂದು. ಎಲ್ಲಾ ಎ. ಗ್ರಾಫ್ ಸಪಾಟ ಅಡ್ಡ ಗೆರಿ. ಕಾನ್‌ಸ್ಟಂಟ್ ಫಂಕ್ಷನ್ ಕಲಸೋದಕ್ಕ ಈ ಪ್ರಶ್ನಿ ಹಾಕಿದ್ದು. ನೀ ಮೊದಲನೇ ಹೆಜ್ಜಿನ ತಪ್ಪಿಟ್ಟಿ."

"ಮಕ್ಕಳಿಗೆ ತಾಯಿಯದ್ದಲ್ಲವಾ ಸರ್?"

"ಅದ್ಹೆಂಗ? ತಂದಿದ ಬರ್ತದ. ಎಲ್ಲಾರಿಗೂ ಗೊತ್ತಿರೋದ ಅದು."

"ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಬೇರೆ, ಸರ್," ಎಂದೆ. ಕ್ಲಾಸು ನಕ್ಕಿತು. ಆ ನಗುವಿನಲ್ಲಿ ತುಳು ಮಾತಾಡುವ ಮಕ್ಕಳೇ ಹೆಚ್ಚಿದ್ದರು, ನನಗೆ ಉರಿದದ್ದು ಅದಕ್ಕೆ. ಹಿಂದಿನ ಬೆಂಚಿನ ಒಬ್ಬನನ್ನು ಹಿಡಿದು, ನಿನ್ನ ಮನೆಯಲ್ಲಿ ಅಪ್ಪನ ಬರಿಯಾ ಎಂದು ಕೇಳಿದೆ. "ಮನೆಯಲ್ಲಿ ಹೇಗೆ ಬೇಕಾದ್ರೂ ಇರ್ಲಿ ಮಾರಾಯ್ತಿ. ಪೇಪರಲ್ಲಿ ಅವರಿಗೆ ಬೇಕಾದದ್ದು ಬರೆದ್ರೆ ಆಯ್ತಲ್ಲ?" ಎಂದ. ಅವನಿಗೆ ಪೂರ್ತಿ ಅಂಕ. ಸಫ್ರೀನಾಳಿಗೂ ಪೂರ್ತಿ ಅಂಕ ಸಿಕ್ಕಿತ್ತು. "ನಮ್ಮ ಮನೆಯಲ್ಲಿ ಅಪ್ಪನದ್ದೇ. ಹಾಗಾಗಿ ಸರಿಯಾಯ್ತು. ನನ್ನ ತಲೆಯಿಂದ ಬಂದ ಮಾರ್ಕಲ್ಲ ಇದು, ಹುಟ್ಟಿನಿಂದ ಬಂದದ್ದು," ಎಂದಳು. ಆ ವರ್ಷ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಆ ಸೊನ್ನೆಯಿಂದಾಗಿ ನಾನು ಫೇಲು. ಎಚ್‌ಒಡಿ ವಿಜಯಾ ಮೇಡಂ ಕರೆಸಿದರು. ಬೆಳ್ತಂಗಡಿ ಕಡೆಯವರೇ, ಮನೆಮಾತು ತುಳು, ಆದರೆ ಕಾಲೇಜಿನೊಳಗೆ ಅದರ ಒಂದು ಶಬ್ದವನ್ನೂ ಬಾಯಿಂದ ಬಿಡುತ್ತಿರಲಿಲ್ಲ. ಬಿಎಗೆ ಬದಲಾಯಿಸುವ ಅರ್ಜಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

"ಕೊನೆಯ ತನಕ ಕಾದು ಫೇಲಾಗುವುದಕ್ಕಿಂತ ಈಗಲೇ ಹೋಗುವುದು ಒಳ್ಳೇದು. ನಿನಗೆ ಮ್ಯಾತ್ಸ್ ಆಗ್ಲಿಕ್ಕಿಲ್ಲ ಅಶ್ವಿತಾ."

"ಆಗ್ತದೋ ಇಲ್ಲವೋ ಕೊನೆಯ ಟೆಸ್ಟಿನಲ್ಲಿ ಗೊತ್ತಾಗ್ತದೆ ಮೇಡಂ."

"ಸರ್‌ಗೆ ಎದುರುತ್ತರ ಬೇರೆ ಕೊಟ್ಟಿದ್ದೀ ಅಂತೆ."

"ಉತ್ತರ ಕೊಟ್ಟದ್ದು ಮೇಡಂ. ಎದುರಿಗೆ ಅವರಿದ್ದರು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸೋಮವಾರ ತಂದೆಯನ್ನು ಕರ್ಕೊಂಡು ಬಾ," ಎಂದರು. ಅರ್ಜಿಯನ್ನು ನಾನು ಮುಟ್ಟಲಿಲ್ಲ. ಅದು ಮೇಜಿನ ಮೇಲೆಯೇ ಉಳಿಯಿತು.

ಮನೆಯಲ್ಲಿ ಅಮ್ಮ ಪಪ್ಪನಿಗೆ ಫೋನು ಮಾಡಿದಳು. ಮಾಡಬೇಡ ಎಂದೆ, ಕೇಳಲಿಲ್ಲ. ಮನೆಯ ಮಾತೆಲ್ಲ ತುಳು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಪಪ್ಪ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಬಿಎಗೆ ಹಾಕು ಜಲಜಾ. ಲೆಕ್ಕವೆಲ್ಲ ಅವಳ ತಲೆಗೆ ಹೋಗ್ಲಿಕ್ಕಿಲ್ಲ. ಅವಳು ಪೂರ್ತಿ ನಿನ್ನ ಹಾಗೆ," ಎಂದರು. ಫೋನು ಸ್ಪೀಕರಿನಲ್ಲಿತ್ತು. ಅಮ್ಮ ಹುಳಿ ಹಾಕಿದ ಹಾಲಿನ ಮೇಲಿನ ನೊರೆಯನ್ನು ಅಂಗೈಯಿಂದ ಬದಿಗೆ ಸರಿಸುತ್ತ ಕೂತಿದ್ದಳು. ನನಗೆ ಬಂದ ಸಿಟ್ಟು ಎಷ್ಟೆಂದರೆ, ಆ ಫೋನನ್ನು ಅದೇ ಹಾಲಿಗೆ ಹಾಕಿ ಶೀಟು ಒತ್ತಿಬಿಡುವ ಎನ್ನಿಸಿತು.

"ಸೋಮವಾರ ನೀನೇ ಬಾ," ಎಂದೆ.

"ನನಗೆಂಥ ಗೊತ್ತುಂಟು ಅಲ್ಲಿ ಮಾತಾಡ್ಲಿಕ್ಕೆ?"

"ಮಾತಾಡ್ಲಿಕ್ಕೆ ನಾನಿದ್ದೇನೆ. ನೀನು ಬಂದು ಕೂತರೆ ಸಾಕು."

ಸೋಮವಾರ ಅಮ್ಮ ಬೇಗ ಕೆಲಸ ಮುಗಿಸಿ, ಮಿಂದು, ಮದುವೆಗಳಿಗೆ ಉಡುವ ಸೀರೆ ಉಟ್ಟು ಬಂದಳು. ಆದರೂ ವಾಸನೆ ಕೈಯಲ್ಲಿತ್ತು. ಅವಳು ಬಸ್ಸಿನಲ್ಲಿ ಇಡೀ ದಾರಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಹೊರಗೆ ತೆಗೆ ಎಂದು ಗದರಿದೆ. ತೆಗೆಯಲಿಲ್ಲ.

ಮೇಡಂ ಕೋಣೆಯಲ್ಲಿ ಮಲ್ಲಿಕಾರ್ಜುನ ಸರ್ ಕೂಡ ಇದ್ದರು, ಕಾಲ ಬದಿಗೆ ಕೊಡೆ ಒರಗಿಸಿಕೊಂಡು. ಮೇಜಿನ ಮೇಲೆ ಅದೇ ಅರ್ಜಿ, ಪಕ್ಕದಲ್ಲಿ ನನ್ನ ಉತ್ತರಪತ್ರಿಕೆ.

"ತಂದೆ ಬರ್ಲಿಲ್ಲವಾ?" ಎಂದರು ಮೇಡಂ.

"ಅವರು ಮಸ್ಕತ್ತಿನಲ್ಲಿದ್ದಾರೆ. ನಾನು ಬಂದಿದ್ದೇನೆ," ಎಂದಳು ಅಮ್ಮ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಶಬ್ದ ಇಟ್ಟು.

ಆ ಕನ್ನಡ ಕೇಳಿದ್ದೇ ಮೇಡಂ ಮುಖ ಸಡಿಲವಾಯಿತು. ಕಾಲೇಜು ಸೇರಿದ ಮೇಲೆ ಮೊದಲ ಸಲ ಅವರ ಬಾಯಲ್ಲಿ ತುಳು ಕೇಳಿದೆ. ಕೂತುಕೊಳ್ಳಿ ಎಂದರು, ಊರು ಯಾವುದು ಎಂದರು, ಮನೆ ಯಾವ ಕಡೆ ಎಂದರು. ನಮ್ಮ ಕಡೆಯ ಇಬ್ಬರು ಹೆಂಗಸರು ಎದುರುಬದುರು ಕೂತ ಮೇಲೆ ಮುಂದಿನ ಪ್ರಶ್ನೆ ಬರದೆ ಇರುತ್ತದೆಯೇ? ಅದೂ ಬಂತು. ನಿಮ್ಮದು ಯಾವ ಬರಿ?

ಅಮ್ಮ ಹೇಳಿದಳು. ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಓದುವವರಲ್ಲಿ ಎಷ್ಟೋ ಜನ ನನಗೆ ಅಣ್ಣಂದಿರಾಗಿಬಿಡುತ್ತಾರೆ.

ಮೇಡಂ ಕುರ್ಚಿಯಲ್ಲಿ ಮುಂದೆ ಬಾಗಿದರು. "ಅಬ್ಬ, ನಂದೂ ಅದೇ ಅಲ್ಲವಾ. ಹಾಗಾದ್ರೆ ಲೆಕ್ಕಕ್ಕೆ ನೀವು ನನಗೆ ತಂಗಿ. ನನ್ನ ಮಗ ಇವಳಿಗೆ ಅಣ್ಣ ಆಗ್ಬೇಕು," ಎಂದು ನನ್ನ ಕಡೆ ನೋಡಿ ನಕ್ಕರು. ಅವರು ನಗುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ.

ತುಳು ಅರ್ಥವಾಗದ ಸರ್ ಮರ್ಯಾದೆಗೆ ತಾವೂ ಸ್ವಲ್ಪ ನಕ್ಕರು. ಅದನ್ನು ಕಂಡಾಗ ನನಗೆ ತಡೆಯಲಾಗಲಿಲ್ಲ. ಅವರಿಗೆ ಅದನ್ನು ಕನ್ನಡ ಮಾಡಿ ಹೇಳಿದೆ.

"ಸರ್, ಮೇಡಂ ಮಗ ನನಗೆ ಅಣ್ಣ ಆಗ್ತಾನಂತೆ. ನಮ್ಮ ಅಮ್ಮನದ್ದೂ ಮೇಡಂದೂ ಒಂದೇ ಕುಲ, ಹಾಗಾಗಿ ನಂದೂ ಅವನದ್ದೂ ಒಂದೇ ಕುಲ."

ಸರ್ ಹುಬ್ಬು ಮೇಲಕ್ಕೆ ಹೋಯಿತು. "ಮಗಂದು ಹೆಂಗ ಒಂದ ಆತು? ಅವಂಗ ಅವನ ಅಪ್ಪಂದಲ್ಲೇನ್ರಿ ಮೇಡಂ?"

"ಇಲ್ಲ ಸರ್, ನಮ್ಮಲ್ಲಿ ತಾಯಿಯದ್ದು ಬರುವುದು," ಎಂದುಬಿಟ್ಟರು ಮೇಡಂ. ಹೇಳಿದ ಮೇಲೆ ಅವರಿಗೆ ತಿಳಿಯಿತು. ಅವರ ಕಣ್ಣು ನನ್ನ ಉತ್ತರಪತ್ರಿಕೆಯ ಸೊನ್ನೆಯ ಮೇಲೆ ಹೋಯಿತು.

ಏನಾಯಿತೆಂದು ಅಮ್ಮನಿಗೆ ಗೊತ್ತಾಗಲಿಲ್ಲ. ಏನಾದರೂ ತಪ್ಪು ಹೇಳಿದೆನಾ ಎಂಬಂತೆ ನನ್ನ ಮುಖ ನೋಡಿದಳು. ಇಲ್ಲ ಎಂದು ಅವಳ ಕೈ ಹಿಡಿದೆ. ಸೆರಗಿನೊಳಗಿಂದ ಎಳೆದೇ ಹಿಡಿದೆ.

ಮೇಡಂ ಅರ್ಜಿಯನ್ನು ನೇರ ಮಾಡಿದರು, ಮತ್ತೆ ಕನ್ನಡಕ್ಕೆ ಬಂದರು. "ಅದು ಮನೆ ವಿಷಯ. ಇದು ಮ್ಯಾತ್ಸ್."

"ಪ್ರಶ್ನೆ ಕೇಳಿದ್ದೇ ಮನೆ ವಿಷಯ, ಮೇಡಂ. ರಾಣಿ ಧಾರವಾಡದವಳು ಅಂತ ಪೇಪರಲ್ಲಿ ಇರಲಿಲ್ಲ. ಬೆಳ್ತಂಗಡಿಯವಳಾದ್ರೆ ನನ್ನ ಉತ್ತರ ಸರಿ."

ನಾನು ಬೈಗುಳಕ್ಕೆ ಕಾದು ನಿಂತಿದ್ದೆ. ಆದರೆ ಮಲ್ಲಿಕಾರ್ಜುನ ಸರ್ ನನ್ನ ಉತ್ತರಪತ್ರಿಕೆಯನ್ನು ಎಳೆದುಕೊಂಡು, ಬಾಣಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು. "ಹುಡುಗಿ ಹೇಳೋದು ಖರೇ ಐತ್ರಿ ಮೇಡಂ," ಎಂದರು ಕೊನೆಗೆ. "ನಾ ಪ್ರಶ್ನಿಯೊಳಗ ರೂಲ್ ಬರದಿಲ್ಲ. ಎದಕ್ಕ ಏನ ಜೋಡಸಬೇಕು ಅನ್ನೋ ನಿಯಮಾನ ಹೇಳಲಿಲ್ಲ ಅಂದ್ರ ಅಲ್ಲಿ ಫಂಕ್ಷನ್ನ ಇಲ್ಲ. ಇಕಿ ತನ್ನ ನಿಯಮಾ ಹಿಡದಾಳ, ಕಡೀತನಕ ಅದರ ಪ್ರಕಾರ ಸರಿ ಮಾಡ್ಯಾಳ."

ಆ ಮಾತಿಗಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಮಕ್ಕಳ ಮುಂದೆ, ಅದೂ ಮಕ್ಕಳ ತಾಯಿಯ ಮುಂದೆ, ತನ್ನ ಪ್ರಶ್ನೆ ತಪ್ಪು ಎನ್ನುವ ಮೇಷ್ಟ್ರುಗಳು ಎಷ್ಟು ಜನ ಸಿಗುತ್ತಾರೆ? ಆದರೆ ಮೇಡಂ ಮೇಡಮ್ಮೇ. ಅಂಕಪಟ್ಟಿ ಪ್ರಿನ್ಸಿಪಾಲರಿಗೆ ಹೋಗಿ ಆಗಿದೆ, ಒಬ್ಬಳಿಗಾಗಿ ತಿದ್ದಿದರೆ ನಾಳೆ ಎಲ್ಲರೂ ಬರುತ್ತಾರೆ ಎಂದರು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಅರ್ಜಿಯನ್ನು ಮಾತ್ರ ತೆಗೆದು ಡ್ರಾಯರಿಗೆ ಹಾಕಿದರು.

"ಕೊನೆಯ ಟೆಸ್ಟಿನಲ್ಲಿ ಆ ಕೊರತೆಯನ್ನೂ ಸೇರಿಸಿ ತೆಗೆದು ತೋರಿಸು. ಆಗ್ತದಾ?"

"ತೆಗೀತೇನೆ," ಎಂದೆ. ಆ ಟೆಸ್ಟಿನಲ್ಲಿ ಒಂದು ದೊಡ್ಡ ಪ್ರಶ್ನೆ ಬಿಟ್ಟರೂ ನನ್ನ ಬಿಸಿಎ ಹೋಗುತ್ತಿತ್ತು.

ಹೊರಗೆ ಬಂದ ಮೇಲೆ ಅಮ್ಮ ಕೇಳಿದ್ದು ಒಂದೇ: "ಅವರು ನನಗೆ ಅಕ್ಕ ಆಗ್ಬೇಕಾದವರು. ಒಮ್ಮೆ ಮನೆಗೆ ಬನ್ನಿ ಅಂತ ಹೇಳ್ಬಹುದಿತ್ತಲ್ಲ?"

"ಪಾಸಾದ ಮೇಲೆ ಕರೆಯುವ," ಎಂದೆ.

ಮರುದಿನದ ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲ್ಗಡೆ, ನಿಯಮ ಹೇಳದೆ ಫಂಕ್ಷನ್ ಇಲ್ಲ ಎಂದು ಬರೆದು ಅದರ ಸುತ್ತ ಚೌಕ ಹಾಕಿದರು. ಹಿಂದಿನ ಬೆಂಚು ನನ್ನ ಕಡೆ ನೋಡಿತು. ನಾನು ಬೋರ್ಡಿನ ಕಡೆ ನೋಡಿದೆ.

ಆಮೇಲಿನ ದಿನಗಳನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಗ್ರಾಫ್ ಹಾಳೆ ಮತ್ತು ಬಸ್ಸಿನ ಕಿಟಕಿಯ ಮೇಲಿನ ಕೈಬರಹ. ಮಳೆಗೆ ಗಾಜು ಮಬ್ಬಾಗುತ್ತಿತ್ತು, ವೇಣೂರು ದಾಟುವ ತನಕ ಅದರ ಮೇಲೆ ಬೆರಳಿನಿಂದ ಪ್ಯಾರಾಬೋಲ ಎಳೆಯುತ್ತಿದ್ದೆ. ಎಕ್ಸಿಗೆ ಮೈನಸ್ ಕೊಟ್ಟರೆ ಏನಾಗುತ್ತದೆ, ಒಂದು ಕೂಡಿಸಿದರೆ ಗೆರೆ ಯಾವ ಕಡೆ ಸರಿಯುತ್ತದೆ. ಕೂಡಿಸಿದರೆ ಬಲಕ್ಕೆ ಹೋಗಬೇಕಲ್ಲ, ಇದು ಎಡಕ್ಕೆ ಹೋಗುತ್ತದೆ. ಈ ಹಟಮಾರಿ ಗೆರೆ ನನಗೆ ತುಂಬ ಇಷ್ಟವಾಯಿತು. ಕಂಡಕ್ಟರು, "ಗಾಜು ಒರೆಸ್ಲಿಕ್ಕೆ ಸಂಬಳ ಕೊಡ್ಬೇಕಾ ನಿಮಗೆ?" ಎಂದು ತಮಾಷೆ ಮಾಡುತ್ತಿದ್ದ. ಸಫ್ರೀನಾ ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಪರೀಕ್ಷೆ ಮಾಡುತ್ತಿದ್ದಳು. ಅವಳು ಸರ್ ಧ್ವನಿಯಲ್ಲಿ ಪ್ರಶ್ನೆ ಕೇಳಿ, ತಪ್ಪಿದರೆ ನನ್ನ ಡಬ್ಬಿಯ ಮೀನಿನಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದಳು. ಮೊದಲ ವಾರಗಳಲ್ಲಿ ನನಗೆ ಬರೀ ಅನ್ನ ಉಳಿಯುತ್ತಿತ್ತು.

ಒಂದು ಸಂಗತಿ ಮಾತ್ರ ತಲೆಗೆ ಹೋಗಲೊಲ್ಲದು. ಕೆಲವು ಗೆರೆಗಳು ಇಳಿಯುತ್ತ ಇಳಿಯುತ್ತ ಅಡ್ಡಗೆರೆಯ ಹತ್ತಿರ ಬರುತ್ತವೆ, ಆದರೆ ಎಂದೂ ಮುಟ್ಟುವುದಿಲ್ಲ ಎಂದರು ಸರ್. ಇಳಿಯುವುದು ಒಮ್ಮೆ ಮುಟ್ಟದೆ ಎಲ್ಲಿ ಹೋಗುತ್ತದೆ? ಒಂದು ರಜೆಯ ಬೆಳಿಗ್ಗೆ ಅಮ್ಮನ ಜೊತೆ ತೋಟದಲ್ಲಿದ್ದೆ. ಕೊಯ್ದ ಕೂಡಲೇ ಹಾಲು ದಾರದ ಹಾಗೆ ಗೆರಟೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಹನಿಯಾಯಿತು, ಹನಿಗೂ ಹನಿಗೂ ನಡುವೆ ಅಂತರ ಬೆಳೆಯಿತು. ಇನ್ನು ಮುಗಿಯಿತು ಎಂದು ಗೆರಟೆ ತೆಗೆಯಲು ಕೈ ಹಾಕಿದಾಗ ಇನ್ನೊಂದು ಬಿತ್ತು. ಮರದ ಹಾಲು ಕೊನೆಗೆ ನಿಲ್ಲುತ್ತದೆ, ಸರ್ ಗೆರೆ ನಿಲ್ಲುವುದಿಲ್ಲ, ವ್ಯತ್ಯಾಸ ಅಷ್ಟೇ. ಮೊದಲು ಧಡಧಡ ಇಳಿದು ಆಮೇಲೆ ಮಲಗುವ ಆ ಆಕಾರ ಅಂದಿನಿಂದ ನನ್ನ ಕೈಗೆ ಬಂತು. ಅಲ್ಲೇ ಚಾಕುವಿನ ಹಿಡಿಯಿಂದ ಒದ್ದೆ ಮಣ್ಣಿನ ಮೇಲೆ ಎಳೆದೆ. "ಕೆಲಸ ಮಾಡು, ಚಿತ್ರ ಮತ್ತೆ ಮಾಡುವ," ಎಂದಳು ಅಮ್ಮ.

ಮಳೆ ಬಿಟ್ಟು ಚಳಿ ಶುರುವಾಗುವ ಹೊತ್ತಿಗೆ ಕೊನೆಯ ಟೆಸ್ಟು. ಪ್ರಶ್ನೆಪತ್ರಿಕೆ ತಿರುಗಿಸಿದರೆ ಹಿಂದಿನ ಪುಟದಲ್ಲಿ ದೊಡ್ಡ ಪ್ರಶ್ನೆ: ನಿಮ್ಮ ಊರಿನ ಯಾವುದಾದರೂ ಒಂದು ಸಂಬಂಧವನ್ನು ಆರಿಸಿಕೊಳ್ಳಿ. ಮೊದಲು ನಿಯಮವನ್ನು ಬರೆಯಿರಿ. ಆಮೇಲೆ ಅದು ಫಂಕ್ಷನ್ ಹೌದೋ ಅಲ್ಲವೋ ತೋರಿಸಿ.

ತಲೆ ಎತ್ತಿ ನೋಡಿದೆ. ಸರ್ ಕಿಟಕಿಯ ಹತ್ತಿರ ನಿಂತು ಬಿಸಿಲು ನೋಡುತ್ತಿದ್ದರು. ಮಳೆ ಇಲ್ಲದಿದ್ದರೂ ಕೊಡೆ ಕೈಯಲ್ಲಿತ್ತು.

ನಾನು ಬರೆದೆ. ನಿಯಮ: ಪ್ರತಿಯೊಬ್ಬರಿಗೂ ಅವರ ತಾಯಿಯ ಬರಿ. ಎಲ್ಲರಿಗೂ ತಾಯಿ ಒಬ್ಬಳೇ, ತಾಯಿಗೆ ಬರಿ ಒಂದೇ, ಆದ್ದರಿಂದ ಪ್ರತಿ ಎಕ್ಸಿಗೆ ಒಂದೇ ವೈ. ಫಂಕ್ಷನ್ ಹೌದು. ಬರಿಯಿಂದ ಹಿಂದಕ್ಕೆ ಹೋಗಿ ಮನುಷ್ಯರನ್ನು ಹುಡುಕಿದರೆ ಒಂದು ಬರಿಗೆ ಸಾವಿರ ಜನ, ಆದ್ದರಿಂದ ತಿರುಗಿಸಿದರೆ ಫಂಕ್ಷನ್ ಅಲ್ಲ. ಉದಾಹರಣೆಗೆ ಇದೇ ಕಾಲೇಜಿನ ಒಬ್ಬ ಅಧ್ಯಾಪಕಿ ಮತ್ತು ಒಬ್ಬ ವಿದ್ಯಾರ್ಥಿನಿ ಎಂದು ಸೇರಿಸಿದೆ. ಸೇರಿಸದಿದ್ದರೂ ಆಗುತ್ತಿತ್ತು. ಸೇರಿಸದೆ ಬಿಡುವ ಮನಸ್ಸಾಗಲಿಲ್ಲ.

ಪಾಸಾದೆ. ಕೊರತೆ ತುಂಬಿ ಮೇಲೆ ಉಳಿಯುವಷ್ಟು ಬಂತು. ಪೇಪರು ಕೊಡಲು ಮೇಡಮ್ಮೇ ಕರೆದರು, ಆ ಉದಾಹರಣೆಯ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ತುಳುವಿನಲ್ಲಿ, "ಅಮ್ಮನಿಗೆ ಹೇಳು, ಪಾಸಾದಳು ಅಂತ ಅಕ್ಕ ಹೇಳಿದಳು ಅಂತ," ಎಂದರು. ನಾನು ಬಾಗಿಲ ತನಕ ಬಂದು ತಿರುಗಿ, ಒಮ್ಮೆ ಮನೆಗೆ ಬನ್ನಿ ಎಂದು ಕರೆದೆ.

ಆ ಭಾನುವಾರ ಬೆಳಿಗ್ಗೆ ಪಪ್ಪನ ಫೋನು ಬಂತು. ಮಾವ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಅಮ್ಮ ಯಂತ್ರದ ಹಿಡಿ ತಿರುಗಿಸುತ್ತಿದ್ದಳು, ನಾನು ಈಚೆಯಿಂದ ಶೀಟು ಹಿಡಿಯುತ್ತಿದ್ದೆ. ಕೈ ಒದ್ದೆಯಾದ್ದರಿಂದ ಫೋನನ್ನು ಕಲ್ಲಿನ ಮೇಲಿಟ್ಟು ಸ್ಪೀಕರಿಗೆ ಹಾಕಿದೆ.

"ಭಾರಿ ಖುಷಿಯಾಯ್ತು ಮಗಾ," ಎಂದರು ಪಪ್ಪ. ಹಿಂದೆ ಯಾರೋ ಸಣ್ಣ ಮಗು ಮಾತಾಡುವುದು ಕೇಳಿಸುತ್ತಿತ್ತು. "ನನಗೆ ಗೊತ್ತಿತ್ತು. ಲೆಕ್ಕದಲ್ಲಿ ನಾನು ಶಾಲೆಗೇ ಫಸ್ಟು. ನೀನು ಪೂರ್ತಿ ನನ್ನ ಹಾಗೆ. ಇಲ್ಲಿ ಎಲ್ಲರ ಹತ್ತಿರವೂ ಹೇಳಿದೆ, ಮಗಳಿಗೆ ನನ್ನ ತಲೆ ಬಂದಿದೆ ಅಂತ."

ಯಂತ್ರ ನಿಂತಿತು. ಅಮ್ಮ ಹಿಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು. ನನ್ನ ತಲೆಯೊಳಗೆ ಒಂದು ಕಪ್ಪು ಕೊಡೆ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯಿತು.

"ಹಾಗೆ ಆಗ್ಲಿಕ್ಕಿಲ್ಲ ಪಪ್ಪ," ಎಂದೆ. "ಫೇಲಾದಾಗ ಅಮ್ಮನ ಹಾಗೆ ಅಂತ ಹೇಳಿದವರು ನೀವೇ. ಪಾಸಾದಾಗ ನಿಮ್ಮ ಹಾಗೆ ಅಂತ ಹೇಳಿದ್ರೆ ಒಬ್ಬಳೇ ಮಗಳಿಗೆ ಎರಡು ಉತ್ತರ ಆಯ್ತು. ಒಂದು ಎಕ್ಸಿಗೆ ಒಂದೇ ವೈ. ನಮಗೆ ಕಲಿಸಿದ್ದು ಹಾಗೆ."

"ಎಂಥ ಎಕ್ಸು?"

"ನಾನು."

ನೆಟ್‌ವರ್ಕ್ ಸರಿ ಇಲ್ಲ, ಮತ್ತೆ ಮಾಡ್ತೇನೆ ಎಂದರು ಪಪ್ಪ. ನೆಟ್‌ವರ್ಕ್ ಸರಿಯಾಗಿಯೇ ಇತ್ತು, ಆ ಮಗುವಿನ ನಗುವೂ ಸ್ಪಷ್ಟ ಕೇಳಿಸುತ್ತಿತ್ತು. ಫೋನು ಕಟ್ಟಾಯಿತು.

ಅಮ್ಮ ಮತ್ತೆ ಹಿಡಿ ತಿರುಗಿಸಲು ಶುರು ಮಾಡಿದಳು. ಶೀಟು ಬಿಳಿಯಾಗಿ, ತೆಳ್ಳಗಾಗಿ ನನ್ನ ಕೈಗೆ ಬಂತು. ಅದನ್ನು ಹಗ್ಗಕ್ಕೆ ಹಾಕಿ ಬರುವಷ್ಟರಲ್ಲಿ ಅವಳು ಕೇಳಿದಳು, "ಅವರಿಗೆ ಎಂಥ ಹೇಳಿದ್ದು ನೀನು? ನನಗೆ ಪೂರ್ತಿ ಗೊತ್ತಾಗ್ಲಿಲ್ಲ."

"ನಾನು ನಿನ್ನ ಹಾಗೆ ಅಂತ ಹೇಳಿದೆ."

"ಪಾಸಾದದ್ದಕ್ಕಾ?"

"ಎರಡಕ್ಕೂ," ಎಂದೆ.